ಹತ್ತಿ ಎಲೆ ಕಳಚುವ ಹೊತ್ತು

ಹತ್ತಿ ಬಿಡಿಸುವ ಹೆಣ್ಣುಮಗಳ ಬೆರಳಿಗೆ ಎಲೆ ಯಾವುದು, ಅರಳೆ ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಹಾವೇರಿ, ರಾಯಚೂರು ಸೀಮೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ದಿನ ನಿಂತು ನೋಡಿ. ಪೂರ್ತಿ ಒಡೆದ ಕಾಯಿಗೆ ಕೈ ಹಾಕಿ, ನಾಲ್ಕೈದು ತೊಳೆಗಳನ್ನೂ ಒಂದೇ ಎಳೆತಕ್ಕೆ ಸೆಳೆದು, ಮುಟ್ಟಿದರೆ ಪುಡಿಯಾಗುವ ಒಣ ಎಲೆಯನ್ನು ತಪ್ಪಿಸಿ ಆಕೆ ಉಡಿಗೆ ಹಾಕಿಕೊಳ್ಳುತ್ತಾಳೆ. ಅರೆ ಬಿರಿದ ಕಾಯಿ ಕಂಡರೆ ‘ಇದು ಇನ್ನೂ ಹಸಿ ಐತಿ, ಬಿಡು’ ಎಂದು ಮುಂದೆ ಸಾಗುತ್ತಾಳೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಸಾಲಿಗೆ ಬರುತ್ತಾಳೆ. ಹೀಗೆ ಮೂರು ನಾಲ್ಕು ಸಲ ಬಿಡಿಸಿದ ಮೇಲೆಯೇ ಹೊಲ ಖಾಲಿಯಾಗುವುದು.

ಯಂತ್ರಕ್ಕೆ ಈ ವಿವೇಚನೆ ಇಲ್ಲ. ಅದು ಸಾಲಿನಲ್ಲಿ ಸಾಮಾನ್ಯವಾಗಿ ಒಮ್ಮೆ ಮಾತ್ರ ಹಾಯುತ್ತದೆ. ಅದರೊಳಗೆ ರಭಸವಾಗಿ ತಿರುಗುವ ಮುಳ್ಳಿನ ಉಕ್ಕಿನ ಕದಿರುಗಳು ಅರಳೆಯನ್ನು ಸುತ್ತಿ ಎಳೆಯುವಾಗ ದಾರಿಗೆ ಸಿಕ್ಕ ಎಲೆಯನ್ನೂ ಎಳೆದುಕೊಳ್ಳುತ್ತವೆ. ಹಸಿ ಎಲೆಯಾದರೆ ಅದರ ರಸ ಅರಳೆಗೆ ಹಸಿರು ಕಲೆ ಹಚ್ಚುತ್ತದೆ, ತೇವ ಸೇರಿ ರಾಶಿಯೊಳಗೆ ಹತ್ತಿ ಕಾವೇರುತ್ತದೆ. ಒಣ ಎಲೆಯಾದರೆ ಸಣ್ಣ ಸಣ್ಣ ಚೂರಾಗಿ ಎಳೆಗಳ ನಡುವೆ ಹೊಕ್ಕು ಕೂರುತ್ತದೆ. ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಆ ಕಸ ತೆಗೆಯಲು ಹೆಚ್ಚು ಸಲ ಹಾಯಿಸಿದಷ್ಟೂ ಎಳೆ ತುಂಡಾಗುತ್ತದೆ. ಅಮೆರಿಕದಲ್ಲಿ ಒತ್ತಿ ಕಟ್ಟಿದ ಹತ್ತಿ ಬೇಲಿನ ದರ್ಜೆ ಗೊತ್ತುಮಾಡುವಾಗ ಬಣ್ಣ, ಎಳೆಯುದ್ದ, ಬಲದ ಜೊತೆಗೆ ಎಲೆಯ ಚೂರು ಎಷ್ಟಿದೆ ಎಂಬುದಕ್ಕೂ ಪ್ರತ್ಯೇಕ ಅಂಕ ಕೊಡುತ್ತಾರೆ. ಅಂಕ ಏರಿದಂತೆ ಬೆಲೆ ಇಳಿಯುತ್ತದೆ.

ಆದ್ದರಿಂದ ಯಂತ್ರ ಹೊಲಕ್ಕಿಳಿಯುವ ಮೊದಲೇ ಎಲೆ ನೆಲ ಸೇರಿರಬೇಕು. ಟೆಕ್ಸಾಸ್, ಜಾರ್ಜಿಯಾ, ಮಿಸಿಸಿಪಿಯ ಹತ್ತಿ ರೈತರಿಗೆ ವರ್ಷದ ಕಡೆಯ ದೊಡ್ಡ ನಿರ್ಧಾರ ಇದು: ಎಲೆ ಉದುರಿಸುವ ಎಣ್ಣೆ ಯಾವುದು, ಹೊಡೆಯುವುದು ಯಾವಾಗ? ಈ ಎರಡರಲ್ಲಿ ‘ಯಾವಾಗ’ ಎನ್ನುವುದೇ ದೊಡ್ಡದು. ಅದಕ್ಕೆ ಉತ್ತರ ಡಬ್ಬಿಯ ಮೇಲೆ ಬರೆದಿರುವುದಿಲ್ಲ, ಗಿಡದ ಮೇಲೆ ಬರೆದಿರುತ್ತದೆ. ಕೂಲಿಯಾಳು ಸಿಗದೆ ಯಂತ್ರದ ಕಡೆ ನೋಡುತ್ತಿರುವ ನಮ್ಮ ರೈತರು ಆ ಓದನ್ನು ಈಗಲೇ ಕಲಿಯುವುದು ಒಳ್ಳೆಯದು.

ಬೀದಿದೀಪದಿಂದ ಹತ್ತಿಹೊಲಕ್ಕೆ

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಪಟ್ಟಣಗಳ ಬೀದಿದೀಪಗಳು ಕಲ್ಲಿದ್ದಲ ಅನಿಲದಿಂದ ಉರಿಯುತ್ತಿದ್ದವು. ಕೊಳವೆ ಸೋರಿದ ಕಡೆ ರಸ್ತೆಬದಿಯ ಮರಗಳು ಅಕಾಲದಲ್ಲಿ ಎಲೆ ಉದುರಿಸುವುದನ್ನು ಜನ ಗಮನಿಸಿದ್ದರು. ಆ ಅನಿಲದಲ್ಲಿ ಗಿಡದ ಮೇಲೆ ಕೆಲಸ ಮಾಡುತ್ತಿರುವುದು ಎಥಿಲೀನ್ ಎಂದು 1901ರಲ್ಲಿ ತೋರಿಸಿಕೊಟ್ಟವರು ರಷ್ಯಾದ ದಿಮಿತ್ರಿ ನೆಲ್ಯುಬೊವ್. ಗಿಡಗಳು ತಾವೇ ಎಥಿಲೀನ್ ತಯಾರಿಸುತ್ತವೆ, ಹಣ್ಣು ಮಾಗಲು, ಎಲೆ ಕಳಚಲು ಅದನ್ನೇ ಬಳಸುತ್ತವೆ ಎಂಬುದು ಖಚಿತವಾಗಲು ಇನ್ನೂ ಕೆಲವು ದಶಕ ಬೇಕಾದವು. ನಮ್ಮ ಮಂಡಿಗಳಲ್ಲಿ ಮಾವು ಹಣ್ಣು ಮಾಡಲು ಕದ್ದು ಬಳಸುವ ಕಾರ್ಬೈಡ್‌ನಿಂದ ಹೊರಡುವ ಅಸಿಟಿಲೀನ್ ಕೂಡ ಈ ಎಥಿಲೀನಿನ ಕೆಲಸವನ್ನೇ ಅನುಕರಿಸುತ್ತದೆ.

ಹತ್ತಿಯಲ್ಲಿ ಎಲೆ ಉದುರಿಸುವ ವಿದ್ಯೆ ಶುರುವಾದದ್ದು 1930ರ ದಶಕದ ಕೊನೆಯಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ, ಅದೂ ಆಕಸ್ಮಿಕವಾಗಿ. ಕ್ಯಾಲ್ಸಿಯಂ ಸಯನಮೈಡ್ ಎಂಬ ಗೊಬ್ಬರದ ಪುಡಿ ಗಾಳಿಗೆ ಹಾರಿ ಇಬ್ಬನಿ ಕೂತಿದ್ದ ಹತ್ತಿ ಎಲೆಗಳ ಮೇಲೆ ಬಿತ್ತು, ಎಲೆಗಳು ಉದುರಿದವು, ಕಾಯಿಗಳು ಹಾಗೇ ಉಳಿದವು. ಅಷ್ಟರಲ್ಲಿ ಹತ್ತಿ ಬಿಡಿಸುವ ಯಂತ್ರಗಳೂ ಪ್ರಯೋಗದ ಹಂತ ದಾಟುತ್ತಿದ್ದವು. 1944ರ ಅಕ್ಟೋಬರ್‌ನಲ್ಲಿ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಹಾಪ್ಸನ್ ತೋಟದಲ್ಲಿ ಸಾಲು ಸಾಲು ಯಂತ್ರಗಳು ಹೊಲಕ್ಕಿಳಿದು ಹತ್ತಿ ಬಿಡಿಸಿದ್ದನ್ನು ನೋಡಲು ಜನ ಸೇರಿದ್ದರು. 1960ರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಹೆಚ್ಚುಕಡಿಮೆ ಎಲ್ಲ ಹತ್ತಿಯೂ ಯಂತ್ರದ ಪಾಲಾಯಿತು. ಯಂತ್ರ ಬಂದಲ್ಲೆಲ್ಲ ಅದರ ಮುಂದೆ ಎಲೆ ಉದುರಿಸುವ ಔಷಧಿ ಹೋಗಲೇಬೇಕಾಯಿತು.

ಕೊಲ್ಲುವುದಲ್ಲ, ಕಳಚಿಸುವುದು

ಎಲೆಯ ತೊಟ್ಟು ಕಾಂಡಕ್ಕೆ ಕೂಡುವ ಜಾಗದಲ್ಲಿ ಕೆಲವೇ ಕೋಶಗಳಷ್ಟು ದಪ್ಪದ ಒಂದು ಪದರ ಇರುತ್ತದೆ. ಎಲೆ ಗಟ್ಟಿಮುಟ್ಟಾಗಿರುವಷ್ಟು ದಿನ ಅದರಿಂದ ಆಕ್ಸಿನ್ ಎಂಬ ಚೋದಕ ತೊಟ್ಟಿಗೆ ಹರಿಯುತ್ತಲೇ ಇರುತ್ತದೆ, ಪದರ ಸುಮ್ಮನಿರುತ್ತದೆ. ಎಲೆಗೆ ವಯಸ್ಸಾಗಿ ಆಕ್ಸಿನ್ ಇಳಿದು ಎಥಿಲೀನ್ ಏರಿದಾಗ ಪದರದ ಕೋಶಗಳು ತಮ್ಮ ನಡುವಿನ ಅಂಟನ್ನು ಕರಗಿಸುವ ಕಿಣ್ವಗಳನ್ನು ಬಿಡುತ್ತವೆ. ಮಾಗಿದ ಹಣ್ಣು ತೊಟ್ಟು ಬಿಡುವ ಹಾಗೆ ಎಲೆ ತಾನಾಗಿ ಕಳಚಿ ಬೀಳುತ್ತದೆ. ಬಿಟ್ಟ ಜಾಗ ಮುಚ್ಚಿಕೊಳ್ಳುತ್ತದೆ, ಗಿಡಕ್ಕೆ ಗಾಯವಾಗುವುದಿಲ್ಲ.

ಎಲೆ, ಕಾಯಿ ಉದುರುವುದರ ಹಿಂದಿನ ರಸಾಯನ ಹುಡುಕುತ್ತ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಫ್ರೆಡರಿಕ್ ಅಡಿಕಾಟ್ ಮತ್ತು ಸಂಗಡಿಗರು ಎಳೆಯ ಹತ್ತಿಕಾಯಿಗಳಿಂದ ಒಂದು ವಸ್ತುವನ್ನು ಬೇರ್ಪಡಿಸಿ 1963ರಲ್ಲಿ ಪ್ರಕಟಿಸಿದರು. ಇಂದು ಸಸ್ಯವಿಜ್ಞಾನದ ಪಠ್ಯಗಳಲ್ಲೆಲ್ಲ ಇರುವ ಅಬ್ಸಿಸಿಕ್ ಆಮ್ಲ ಅದೇ. ಎಲೆ ಕಳಚುವುದರಲ್ಲಿ ಮುಖ್ಯ ಪಾತ್ರ ಎಥಿಲೀನಿನದು, ಅಬ್ಸಿಸಿಕ್ ಆಮ್ಲದ ದೊಡ್ಡ ಕೆಲಸ ಬರ ತಾಳಿಕೊಳ್ಳುವುದರಲ್ಲಿ ಎಂದು ಆಮೇಲೆ ಗೊತ್ತಾಯಿತು. ಹತ್ತಿಯ ಎಲೆ, ಕಾಯಿ ಉದುರುವುದೇಕೆ ಎಂಬ ಹುಡುಕಾಟದಿಂದ ಎಲ್ಲ ಬೆಳೆಗಳ ಬರದ ಅಧ್ಯಯನಕ್ಕೂ ಒಂದು ಬಾಗಿಲು ತೆರೆಯಿತು.

ಕಳಚುವ ಕೆಲಸ ಮಾಡುವುದು ಜೀವ ಇರುವ ಗಿಡವೇ. ಅದಕ್ಕೆ ಮೂರು ನಾಲ್ಕು ದಿನವಾದರೂ ಬೇಕು. ಔಷಧಿ ಅತಿ ಖಾರವಾಗಿ ಎಲೆ ಒಂದೇ ದಿನದಲ್ಲಿ ಸುಟ್ಟುಹೋದರೆ ಪದರ ಬಿಡಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಆಗ ಎಲೆ ಸತ್ತು ಒಣಗಿ ಗಿಡಕ್ಕೇ ಅಂಟಿಕೊಂಡು ನಿಲ್ಲುತ್ತದೆ. ಯಂತ್ರಕ್ಕೆ ಹಸಿರೆಲೆಗಿಂತ ಇದರ ಕಾಟವೇ ದೊಡ್ಡದು. ‘ಡೋಸ್ ಜಾಸ್ತಿ ಹಾಕಿದರೆ ಬೇಗ ಉದುರುತ್ತದೆ’ ಎಂಬ ಎಣಿಕೆ ತಲೆಕೆಳಗಾಗುವುದು ಇಲ್ಲಿಯೇ.

ಗಿಡ ಓದುವ ಮೂರು ಬಗೆ

ಎಲೆ ಹೋದರೆ ಗಿಡಕ್ಕೆ ಊಟ ನಿಂತಂತೆ. ಆ ದಿನಕ್ಕೆ ಬಲಿಯದ ಕಾಯಿ ಮತ್ತೆ ಬಲಿಯುವುದಿಲ್ಲ. ಅವಸರ ಮಾಡಿದರೆ ಮೇಲಿನ ಕಾಯಿಗಳು ಜೊಳ್ಳಾಗುತ್ತವೆ, ಇಳುವರಿ ತಗ್ಗುತ್ತದೆ, ಎಳೆ ತೆಳುವಾಗಿ, ಅದರ ದಪ್ಪ ಮತ್ತು ಬಲಿತನದ ಅಳತೆಯಾದ ಮೈಕ್ರೊನೇರ್ ಬೀಳುತ್ತದೆ. ಅಮೆರಿಕದ ಮಾರುಕಟ್ಟೆಯಲ್ಲಿ ಮೈಕ್ರೊನೇರ್ 3.5ಕ್ಕಿಂತ ಕೆಳಗಾದರೂ 4.9ಕ್ಕಿಂತ ಮೇಲಾದರೂ ದರ ಕಡಿತ. ತಡ ಮಾಡಿದರೆ ಕೆಳಗಿನ ಒಡೆದ ಕಾಯಿಗಳ ಅರಳೆ ಮಳೆ, ಇಬ್ಬನಿ, ಬಿಸಿಲಿಗೆ ಬಣ್ಣಗೆಟ್ಟು ನೆಲಕ್ಕೆ ಜೋಲುತ್ತದೆ. ಈ ಎರಡು ನಷ್ಟಗಳ ನಡುವಿನ ದಿನ ಹಿಡಿಯಲು ರೈತರು ಮೂರು ಬಗೆಯಲ್ಲಿ ಗಿಡ ನೋಡುತ್ತಾರೆ.

ಮೊದಲನೆಯದು ಎಣಿಕೆ. ಹೊಲದ ಬೇರೆ ಬೇರೆ ಕಡೆ ಒಂದಿಷ್ಟು ಗಿಡ ಆರಿಸಿ, ಕೈಗೆ ಬರುವಂಥ ಒಟ್ಟು ಕಾಯಿ ಎಷ್ಟು, ಅದರಲ್ಲಿ ಒಡೆದದ್ದು ಎಷ್ಟು ಎಂದು ಲೆಕ್ಕ ಹಾಕುವುದು. ನೂರಕ್ಕೆ 60 ಒಡೆದಿದ್ದರೆ ಎಣ್ಣೆ ಹೊಡೆಯಬಹುದು ಎನ್ನುವುದು ಹಳೆಯ ಸೂತ್ರ. ಆದರೆ ಈ ಸೂತ್ರ ಒಂದೇ ಸಮನೆ ಕಾಯಿ ಕಟ್ಟಿದ ಬೆಳೆಗೆ ಸರಿ. ನಡುವೆ ಮಗ್ಗಿ ಉದುರಿ, ಕೆಳಗೊಂದಿಷ್ಟು ತುದಿಗೊಂದಿಷ್ಟು ಕಾಯಿ ಹಿಡಿದ ಹೊಲದಲ್ಲಿ 60 ಒಡೆದಿದ್ದರೂ ಮೇಲಿನವು ಎಳಸಾಗಿಯೇ ಇರುತ್ತವೆ. ಅಲ್ಲಿ 70, 80ರವರೆಗೂ ಕಾಯಬೇಕಾಗುತ್ತದೆ.

ಎರಡನೆಯದು ಗೆಣ್ಣಿನ ಲೆಕ್ಕ. ಹತ್ತಿ ಗಿಡ ಕೆಳಗಿನಿಂದ ಮೇಲಕ್ಕೆ, ಗೆಣ್ಣಿನಿಂದ ಗೆಣ್ಣಿಗೆ ಸರಿಸುಮಾರು ಮೂರು ದಿನಗಳ ಅಂತರದಲ್ಲಿ ಹೂ ಬಿಡುತ್ತ ಹೋಗುತ್ತದೆ. ಮುಖ್ಯ ಕಾಂಡದ ಪಕ್ಕದ ಮೊದಲ ಕಾಯಿಗಳಲ್ಲಿ ಅತಿ ಮೇಲೆ ಬಿರಿದಿರುವುದು ಯಾವುದೆಂದು ಗುರುತಿಸಬೇಕು. ಸಂದಿಯಲ್ಲಿ ಬಿಳಿ ಅರಳೆ ಕಂಡರೆ ಅದು ಬಿರಿದ ಕಾಯಿ. ಅಲ್ಲಿಂದ ಮೇಲಕ್ಕೆ, ಬಿಡಿಸಲು ಯೋಗ್ಯವಾದ ಕೊನೆಯ ಕಾಯಿಯವರೆಗೆ ಗೆಣ್ಣು ಎಣಿಸಬೇಕು. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಲ ಸಿದ್ಧ. ನಾಲ್ಕು ಗೆಣ್ಣೆಂದರೆ ಕೊನೆಯ ಕಾಯಿ ಬಿರಿದ ಕಾಯಿಗಿಂತ ಹನ್ನೆರಡು ದಿನವಷ್ಟೇ ಕಿರಿದು, ಒಳಗೆ ಬಹುಪಾಲು ಬಲಿತಿರುತ್ತದೆ.

ಮೂರನೆಯದು ಚಾಕು. ಮೇಲಿನ ಒಂದು ಕಾಯಿ ಕಿತ್ತು ಅಡ್ಡಕ್ಕೆ ಕೊಯ್ಯಬೇಕು. ಎಳೆಯ ಕಾಯಿಯಾದರೆ ಚಾಕು ಸಲೀಸಾಗಿ ಇಳಿಯುತ್ತದೆ. ಒಳಗೆಲ್ಲ ನೀರುನೀರು, ಬೀಜದ ಸಿಪ್ಪೆ ಬಿಳುಪು, ಬೀಜದೊಳಗೆ ಲೋಳೆ. ಬಲಿತ ಕಾಯಿ ಚಾಕುವಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಅರಳೆ ಎಳೆಎಳೆಯಾಗಿ ಚಾಕುವಿನ ಜೊತೆ ಬರುತ್ತದೆ. ಬೀಜದ ಸಿಪ್ಪೆ ಕಂದಾಗಿರುತ್ತದೆ. ಬೀಜವನ್ನೇ ಸೀಳಿದರೆ ಲೋಳೆಯ ಜಾಗದಲ್ಲಿ ಮಡಚಿಟ್ಟ ಎರಡು ಪುಟ್ಟ ಎಲೆಗಳು, ಅವುಗಳ ಮೇಲೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅಷ್ಟಾಗಿದ್ದರೆ ಆ ಕಾಯಿಗೆ ಇನ್ನು ಎಲೆಯ ಹಂಗಿಲ್ಲ.

ಮೂರೂ ಕಡೆ ರೈತನನ್ನು ಕಾಡುವುದು ಒಂದೇ ಆಸೆ: ತುದಿಯ ಕಾಯಿ. ಇನ್ನೊಂದು ವಾರ ಬಿಟ್ಟರೆ ಅದೂ ಕೈಗೆ ಬಂದೀತು ಅನ್ನಿಸುತ್ತದೆ. ತುದಿಯ ಎರಡು ಕಾಯಿಗೆ ಕಾಯುತ್ತ ಬುಡದ ಹತ್ತು ಕಾಯಿಯ ಅರಳೆಯನ್ನು ಮಳೆಗೆ ಕೊಡುವುದು ಹತ್ತಿಹೊಲದ ಹಳೆಯ ನಷ್ಟ. ಯಾವ ಕಾಯಿ ಲೆಕ್ಕಕ್ಕೆ, ಯಾವುದು ಲೆಕ್ಕದಿಂದ ಹೊರಗೆ ಎಂದು ಮೊದಲೇ ಗಟ್ಟಿಮನಸ್ಸು ಮಾಡಿದವನಿಗೇ ಸರಿಯಾದ ದಿನ ಸಿಗುತ್ತದೆ.

ಯಾವ ಹವೆಗೆ ಯಾವ ಔಷಧಿ

ಔಷಧಿಗಳಲ್ಲಿ ದೊಡ್ಡದಾಗಿ ಎರಡು ಪಂಗಡ. ಗಿಡದ ಚೋದಕಗಳ ಲೆಕ್ಕವನ್ನೇ ಏರುಪೇರು ಮಾಡುವವು ಒಂದು ಕಡೆ, ಎಲೆಗೆ ಹದವಾಗಿ ಗಾಯ ಮಾಡಿ ಅದರಿಂದ ಎಥಿಲೀನ್ ಹೊರಡಿಸುವವು ಇನ್ನೊಂದು ಕಡೆ.

ಮೊದಲ ಪಂಗಡದ ಹಿರಿಯ ಥಿಡಿಯಾಜುರಾನ್. ಎಲೆ ಹಸಿರಿರುವಾಗಲೇ ಉದುರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ ಮರುಚಿಗುರನ್ನು ತಡೆಯುತ್ತದೆ. ನಾವು ವರ್ಷದ ಬೆಳೆಯೆಂದು ಬೆಳೆದರೂ ಹತ್ತಿ ಮೂಲತಃ ಬಹುವಾರ್ಷಿಕ ಗಿಡ. ಕಾಯಿಯ ಭಾರ ಇಳಿದು, ಮಣ್ಣಿನಲ್ಲಿ ಸಾರಜನಕ ಉಳಿದು, ಒಂದು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಆ ಎಳೆಚಿಗುರನ್ನು ಉದುರಿಸುವುದು ಬಹಳ ಕಷ್ಟ. ಥಿಡಿಯಾಜುರಾನ್‌ನ ದೌರ್ಬಲ್ಯ ಚಳಿ: ರಾತ್ರಿಯ ಉಷ್ಣಾಂಶ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಮಂಕಾಗುತ್ತದೆ. ಎಲೆಯೊಳಗೆ ಇಳಿಯಲೂ ನಿಧಾನ, ಹೊಡೆದ ಮೇಲೆ ಒಂದು ದಿನವಾದರೂ ಮಳೆ ಬರಬಾರದು. ಡೈಯುರಾನ್ ಬೆರೆಸಿದ ಥಿಡಿಯಾಜುರಾನ್ ಇದಕ್ಕಿಂತ ತುಸು ತಂಪಿನಲ್ಲೂ ನಡೆಯುತ್ತದೆ.

ಎಥೆಫಾನ್ ಗಿಡದೊಳಗೆ ಒಡೆದು ಎಥಿಲೀನನ್ನೇ ಬಿಡುತ್ತದೆ. ಅದರ ಮುಖ್ಯ ಕೆಲಸ ಬಲಿತ ಕಾಯಿ ಬೇಗ ಒಡೆಯುವಂತೆ ಮಾಡುವುದು. ಎಲೆ ಉದುರುವುದಕ್ಕೂ ನೆರವಾಗುತ್ತದೆ. ಬಲಿಯದ ಕಾಯಿಯನ್ನು ಅದು ಬಲಿಸಲಾರದು ಎಂಬುದನ್ನು ಮಾತ್ರ ಮರೆಯಬಾರದು.

ಎರಡನೇ ಪಂಗಡದಲ್ಲಿ ಟ್ರೈಬುಫಾಸ್ ಹಳೆಯದು. ಬಲಿತ ಎಲೆಗಳಿಗೆ ನಂಬಿಕಸ್ಥ, ಸುಮಾರು 15 ಡಿಗ್ರಿಯವರೆಗೂ ಕೆಲಸ ಮಾಡುತ್ತದೆ, ಆದರೆ ಮರುಚಿಗುರನ್ನು ತಡೆಯುವುದಿಲ್ಲ. ಇದು ಆರ್ಗನೊಫಾಸ್ಫೇಟ್ ಗುಂಪಿನದು, ವಾಸನೆಯೂ ಘೋರ. ಕಾರ್ಫೆಂಟ್ರಜೋನ್, ಪೈರಾಫ್ಲುಫೆನ್‌ಗಳಂಥ ಹೊಸಬುಗಳು ಚಳಿಗೆ ಅಷ್ಟಾಗಿ ಜಗ್ಗುವುದಿಲ್ಲ, ಎಳೆಚಿಗುರನ್ನೂ ಸುಡುತ್ತವೆ. ಸುಡುಬಿಸಿಲಿನಲ್ಲಿ ಡೋಸ್ ಏರಿದರೆ ಎಲೆ ಗಿಡಕ್ಕೆ ಅಂಟಿಸಿಬಿಡುವುದೂ ಇವೇ. ಪ್ಯಾರಾಕ್ವಾಟ್ ಸಂಪೂರ್ಣ ಒಣಗಿಸುವ ವಿಷ. ಟೊಂಗೆಸಮೇತ ಕಾಯಿ ಸವರಿಕೊಳ್ಳುವ ಯಂತ್ರಗಳಿರುವ ಕಡೆ ಮಾತ್ರ, ಕೊನೆಯ ಹಂತದಲ್ಲಿ ಅದರ ಬಳಕೆ. ಅದು ಮೈಗೆ ಸೇರಿದರೆ ಮದ್ದಿಲ್ಲ.

ಬಹುತೇಕ ಈ ಔಷಧಿಗಳು ಎಲೆಯಿಂದ ಎಲೆಗೆ ಹರಿಯುವುದಿಲ್ಲ, ಬಿದ್ದಲ್ಲೇ ಕೆಲಸ ಮಾಡುತ್ತವೆ. ದಟ್ಟವಾಗಿ ಬೆಳೆದ ಹೊಲದಲ್ಲಿ ಮೇಲಿನ ಎಲೆ ತೊಯ್ದು ಬುಡದ್ದು ಒಣಗಿಯೇ ಉಳಿಯುತ್ತದೆ. ಅಂಥಲ್ಲಿ ಒಂದು ವಾರದ ಅಂತರದಲ್ಲಿ ಎರಡು ಸಲ ಹೊಡೆಯುತ್ತಾರೆ: ಮೊದಲನೆಯದು ಮೇಲ್ಛಾವಣಿ ತೆರೆಯಲು, ಎರಡನೆಯದು ಬುಡಕ್ಕೆ. ಬರದಲ್ಲಿ ಬೆಂದ ಎಲೆ ಮೇಣ ಕಟ್ಟಿಕೊಂಡು ಔಷಧಿ ಹೀರುವುದಿಲ್ಲ. ಯೂರಿಯಾ ಅತಿಯಾಗಿ ಉಂಡ ಎಲೆ ಕಳಚಲು ಒಪ್ಪುವುದಿಲ್ಲ. ಎಲೆ ಸುಲಭವಾಗಿ ಉದುರಬೇಕಾದರೆ ಜೂನ್, ಜುಲೈನಲ್ಲೇ ಗೊಬ್ಬರ ಹಿಡಿತದಲ್ಲಿರಬೇಕು.

ಮಳೆ, ಮಂಜು, ಚಂಡಮಾರುತ

ಪಶ್ಚಿಮ ಟೆಕ್ಸಾಸಿನ ಲಬ್ಬಕ್ ಸುತ್ತಿನ ಎತ್ತರದ ಬಯಲಿನಲ್ಲಿ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದ ಹೊತ್ತಿಗೆ ಹಿಮಗಟ್ಟುವ ಚಳಿ ಬರುತ್ತದೆ. ಹಿಂದೆ ಅನೇಕ ರೈತರು ಎಣ್ಣೆಗೆ ಖರ್ಚು ಮಾಡದೆ ಈ ಚಳಿಗೇ ಎಲೆಯನ್ನು ಬಿಡುತ್ತಿದ್ದರು. ಹಗುರ ಚಳಿಯಾದರೆ ಎಲೆ ಉದುರುತ್ತದೆ. ಒಮ್ಮೆಲೇ ಕೊರೆಯುವ ಚಳಿಯಾದರೆ ಎಲೆ ಸತ್ತು ಗಿಡಕ್ಕೆ ಅಂಟುತ್ತದೆ. ಔಷಧಿಯ ವಿಷಯದಲ್ಲಿ ನಿಜವಾದದ್ದು ಚಳಿಯ ವಿಷಯದಲ್ಲೂ ನಿಜ.

ಜಾರ್ಜಿಯಾದ ಭಯ ಬೇರೆ. 2018ರ ಅಕ್ಟೋಬರ್ 10ರಂದು ಮೈಕೆಲ್ ಚಂಡಮಾರುತ ಅಪ್ಪಳಿಸಿದಾಗ ಅಲ್ಲಿನ ದಕ್ಷಿಣ ಜಿಲ್ಲೆಗಳಲ್ಲಿ ಹತ್ತಿ ಒಡೆದು ನಿಂತಿತ್ತು. ಅರಳೆ ಗಾಳಿಗೆ ಹಾರಿ ಮರ, ಬೇಲಿಗಳಿಗೆ ಸಿಕ್ಕಿಕೊಂಡಿತು. ಬಿರುಗಾಳಿ ಮುನ್ಸೂಚನೆ ಇದ್ದಾಗ ಎಲೆ ಉದುರಿಸುವುದನ್ನು ಮುಂದೂಡುವುದೇ ಲೇಸು ಎನ್ನುವುದು ಅಲ್ಲಿನವರ ಅನುಭವ. ಎಲೆಯಿರುವ ಗಿಡ ಅರಳೆಗೆ ಸ್ವಲ್ಪವಾದರೂ ಆಸರೆ, ಒಡೆಯದ ಕಾಯಿ ಬಿರುಗಾಳಿಯನ್ನು ತಾಳಿಕೊಳ್ಳುತ್ತದೆ. ಎಲ್ಲ ಹೊಲಕ್ಕೂ ಒಂದೇ ದಿನ ಎಣ್ಣೆ ಹೊಡೆಯಬಾರದು ಎಂಬ ನಿಯಮ ಹುಟ್ಟಿದ್ದೂ ಇಂಥ ಅನುಭವದಿಂದಲೇ. ಮುಂದಿನ ಎರಡು ವಾರದೊಳಗೆ ಯಂತ್ರ ಎಷ್ಟು ಹೊಲ ಮುಗಿಸಬಲ್ಲದೋ ಅಷ್ಟಕ್ಕೇ ಹೊಡೆಯಬೇಕು.

ನಮ್ಮ ಎರೆಹೊಲಕ್ಕೆ ಇದರ ಪಾಠ

ಕರ್ನಾಟಕದ ಹತ್ತಿ ಇಂದಿಗೂ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲೇ ಬಿಡಿಸಲ್ಪಡುತ್ತದೆ. ಹೀಗೆ ಕೈಯಿಂದ ಬಿಡಿಸುವ ಹೊಲಕ್ಕೆ ಎಲೆ ಉದುರಿಸುವ ಔಷಧಿ ಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಸೋವಿಯತ್ ಕಾಲದ ಉಜ್ಬೇಕಿಸ್ತಾನದಲ್ಲಿ ಬ್ಯುಟಿಫಾಸ್ ಎಂಬ ಹೆಸರಿನಲ್ಲಿ ಇದೇ ಟ್ರೈಬುಫಾಸನ್ನು ವಿಮಾನದಿಂದ ಸಿಂಪಡಿಸಿ, ಅದೇ ಹೊಲಗಳಿಗೆ ಶಾಲಾಮಕ್ಕಳನ್ನೂ ವಿದ್ಯಾರ್ಥಿಗಳನ್ನೂ ಹತ್ತಿ ಬಿಡಿಸಲು ಕಳಿಸಿದರು. ಜನರ ಆರೋಗ್ಯ ಕೆಟ್ಟ ಕೂಗು ದೊಡ್ಡದಾದ ಮೇಲೆ 1980ರ ದಶಕದ ಕೊನೆಯ ಭಾಗದಲ್ಲಿ ಅದನ್ನು ನಿಷೇಧಿಸಬೇಕಾಯಿತು. ಯಂತ್ರಕ್ಕೆಂದು ತಯಾರಾದ ಔಷಧಿಯ ಹಿಂದೆ ಬರಿಗೈ ಹೋಗಬಾರದು. ಯಂತ್ರ ಬಾಡಿಗೆಗೆ ಸಿಗದೆ ಕೊನೆಗಳಿಗೆಯಲ್ಲಿ ಕೂಲಿಯವರನ್ನು ಕರೆಯುವ ಪರಿಸ್ಥಿತಿ ನಮ್ಮಲ್ಲಿ ಬರುವುದು ಖಂಡಿತ. ಎಣ್ಣೆ ಹೊಡೆದ ಹೊಲಕ್ಕೆ ಎಷ್ಟು ದಿನ ಯಾರೂ ಇಳಿಯಬಾರದು ಎಂಬುದನ್ನು ಡಬ್ಬಿಯ ಚೀಟಿಯಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯುವಂತೆ ಮಾಡುವುದು ಸರ್ಕಾರದ ಕರ್ತವ್ಯ.

ಯಂತ್ರ ಬರುವ ದಾರಿ ತೆರೆದಾಗಿದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮುಂದಿಟ್ಟಿರುವ ದಟ್ಟ ಬಿತ್ತನೆ ಪದ್ಧತಿಯಲ್ಲಿ ಸಾಲಿನಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಅಂತರ. ಗಿಡ ಗಿಡ್ಡ, ಟೊಂಗೆ ಚಿಕ್ಕದು, ಕಾಯಿ ಕಡಿಮೆ, ಆದರೆ ಒಟ್ಟಿಗೇ ಒಡೆಯುತ್ತದೆ. ಎಲೆ ಉದುರಿಸುವ ಔಷಧಿಗೆ ಅರ್ಥ ಬರುವುದು ಇಂಥ ಹೊಲದಲ್ಲಿ ಮಾತ್ರ. ತಿಂಗಳುಗಟ್ಟಲೆ ಹೂ ಬಿಡುತ್ತಲೇ ಇರುವ ದೊಡ್ಡ ಗಿಡದ ಹೈಬ್ರಿಡ್ ಹತ್ತಿಗೆ ಹೊಡೆದರೆ ಅರ್ಧ ಬೆಳೆ ಕೈಬಿಟ್ಟಂತೆ. ಹವೆಯ ಲೆಕ್ಕವೂ ನಮ್ಮದೇ ಆಗಬೇಕು. ಡಿಸೆಂಬರ್‌ನಲ್ಲಿ ಧಾರವಾಡದ ರಾತ್ರಿ 18 ಡಿಗ್ರಿಗಿಂತ ಕೆಳಗಿಳಿಯುತ್ತದೆ, ಅಲ್ಲಿ ಥಿಡಿಯಾಜುರಾನ್ ಒಂದನ್ನೇ ನಂಬುವಂತಿಲ್ಲ. ಅಕ್ಟೋಬರ್‌ನ ಹಿಂಗಾರು ಮಳೆಯಲ್ಲಿ ಹೊಡೆದರೆ ಔಷಧಿ ತೊಳೆದುಹೋಗಿ ಮರುಚಿಗುರು ಏಳುತ್ತದೆ.

ಯಂತ್ರವಿಲ್ಲದ ರೈತನಿಗೂ ಇಲ್ಲಿ ಒಂದು ಪಾಠ ಇದೆ: ಬೆಳೆ ಮುಗಿಸುವ ದಿನ ಗೊತ್ತುಮಾಡಿಕೊಳ್ಳುವುದು. ಗುಲಾಬಿ ಕಾಯಿಕೊರಕ ನಮ್ಮ ಹತ್ತಿಯನ್ನು ತಿನ್ನುತ್ತಿರುವುದಕ್ಕೆ, ಇನ್ನೊಂದು ಬಿಡಿಸುವಿಕೆಯ ಆಸೆಗೆ ಜನವರಿ, ಫೆಬ್ರುವರಿವರೆಗೂ ಹೊಲದಲ್ಲಿ ಬಿಡುವ ಗಿಡಗಳೂ ಕಾರಣ. ಕೊನೆಯ ಎಳೆಕಾಯಿಗಳಲ್ಲೇ ಮುಂದಿನ ವರ್ಷದ ಹುಳು ಸುಪ್ತವಾಗಿ ಮಲಗುತ್ತದೆ. ಅಮೆರಿಕದಲ್ಲಿ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತು ಎಂದು 2018ರಲ್ಲಿ ಅಲ್ಲಿನ ಕೃಷಿ ಇಲಾಖೆ ಘೋಷಿಸಿತು. ಬಿಟಿ ಹತ್ತಿ, ಬಂಜೆ ಪತಂಗಗಳ ಬಿಡುಗಡೆಯ ಜೊತೆಗೆ, ಬೆಳೆಯನ್ನು ಹೊತ್ತಿಗೆ ಮುಗಿಸಿ ಗಿಡ ನಾಶಮಾಡುವ ಕಟ್ಟುನಿಟ್ಟೂ ಆ ಗೆಲುವಿನ ಪಾಲುದಾರ. ಡಿಸೆಂಬರ್ ಮುಗಿಯುವುದರೊಳಗೆ ಹೊಲ ಖಾಲಿ ಮಾಡಿ ಎಂದು ನಮ್ಮ ವಿಜ್ಞಾನಿಗಳು ಹೇಳುತ್ತಿರುವುದು ಇದನ್ನೇ.

ಗೆಣ್ಣು ಎಣಿಸಲು ದುಡ್ಡು ಬೇಡ, ಕಾಯಿ ಕೊಯ್ಯಲು ಅಡುಗೆಮನೆಯ ಚಾಕು ಸಾಕು. ಈ ಹಂಗಾಮಿನಲ್ಲೇ ರೈತ ಸಂಪರ್ಕ ಕೇಂದ್ರಗಳು ಹೊಲದ ಬದುವಿನಲ್ಲಿ ಇದನ್ನು ಮಾಡಿ ತೋರಿಸಬಹುದು, ಬಿಡಿಸುವ ಹೆಣ್ಣುಮಕ್ಕಳನ್ನೂ ಆ ಪಾಠಕ್ಕೆ ಕರೆಯಬಹುದು. ಕಾಯಿಯ ಹದ ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ? ನಾಳೆ ಯಂತ್ರದ ಜೊತೆಗೆ ಔಷಧಿಯ ಡಬ್ಬಿಯೂ ಊರಿಗೆ ಬಂದಾಗ, ಎಣ್ಣೆ ಹೊಡೆಯುವ ದಿನವನ್ನು ಅಂಗಡಿಯವರು ಗೊತ್ತುಮಾಡಬಾರದು. ತನ್ನ ಹೊಲದ ಕಾಯಿ ಕೊಯ್ದು ನೋಡಿದ ರೈತ ಗೊತ್ತುಮಾಡಬೇಕು.